ಕೈಯಲ್ಲಿ 6 ಲಕ್ಷ ಇದೆ, ಮಾರುಕಟ್ಟೆ ಅಲ್ಲಾಡುತ್ತಿದೆ: ಒಟ್ಟಿಗೆ ಹಾಕುವುದೇ, ಎಸ್‌ಟಿಪಿಯೇ, ಎಸ್‌ಐಪಿಯೇ?

ಮೊದಲು ಒಂದು ತಿದ್ದುಪಡಿ. ಎಸ್‌ಐಪಿ, ಅಂದರೆ ಬ್ಯಾಂಕ್ ಖಾತೆಯಿಂದ ಮ್ಯೂಚುವಲ್ ಫಂಡ್‌ಗೆ ಕಂತು ಕಟ್ಟುವುದು, ಸಂಬಳದಿಂದ ತಿಂಗಳು ತಿಂಗಳು ಉಳಿಯುವ ಹಣಕ್ಕೆ. ಈಗಾಗಲೇ ಕೈಗೆ ಬಂದ ಗಂಟಿಗೆ ನಿಜವಾದ ಆಯ್ಕೆ ಉಳಿದೆರಡೇ: ಒಟ್ಟಿಗೆ ಹಾಕುವುದು, ಇಲ್ಲವೇ ಎಸ್‌ಟಿಪಿ, ಅಂದರೆ ಹಣವನ್ನು ಮೊದಲು ಕಡಿಮೆ ಅಪಾಯದ ಲಿಕ್ವಿಡ್ ಫಂಡ್‌ನಲ್ಲಿಟ್ಟು ಅಲ್ಲಿಂದ ಕಂತು ಕಂತಾಗಿ ಈಕ್ವಿಟಿ (ಷೇರು) ಫಂಡ್‌ಗೆ ವರ್ಗಾಯಿಸುವುದು.

ಅಪಾಯ: 2020ರ ಜನವರಿಯಲ್ಲಿ 12,000 ದಾಟಿದ್ದ ಷೇರು ಸೂಚ್ಯಂಕ ನಿಫ್ಟಿ ಮಾರ್ಚ್ 23ಕ್ಕೆ 7,610ಕ್ಕೆ ಇಳಿಯಿತು. ಜನವರಿಯಲ್ಲಿ ಒಟ್ಟಿಗೆ ಹಾಕಿದವರಿಗೆ ಪೂರ್ತಿ ಹೊಡೆತ. ಎಸ್‌ಟಿಪಿಯವರ ಹೆಚ್ಚಿನ ಹಣ ಇನ್ನೂ ಲಿಕ್ವಿಡ್ ಫಂಡ್‌ನಲ್ಲೇ ಇರುತ್ತಿತ್ತು. ಆದರೆ ಮಾರುಕಟ್ಟೆ ಏರುತ್ತಲೇ ಹೋದರೆ ಲೆಕ್ಕ ತಿರುಗುಮುರುಗು: ಪ್ರತಿ ಕಂತಿಗೂ ಹೆಚ್ಚು ಬೆಲೆ ತೆರಬೇಕು.

ತೆರಿಗೆ: ಎಸ್‌ಟಿಪಿಯ ಪ್ರತಿ ವರ್ಗಾವಣೆಯೂ ಲಿಕ್ವಿಡ್ ಫಂಡ್‌ನ ಮಾರಾಟವೇ. ಆ ಲಾಭಕ್ಕೆ ನಿಮ್ಮ ಆದಾಯ ತೆರಿಗೆಯ ಸ್ಲ್ಯಾಬ್ ದರ. ಈಕ್ವಿಟಿಯಲ್ಲಿ ಪ್ರತಿ ಕಂತಿಗೂ ಒಂದು ವರ್ಷದ ಎಣಿಕೆ ಬೇರೆ ಬೇರೆ. ಕೊನೆಯ ಕಂತನ್ನು ವರ್ಷ ತುಂಬುವ ಮೊದಲೇ ತೆಗೆದರೆ ಲಾಭಕ್ಕೆ 20% ತೆರಿಗೆ, ಸಾಮಾನ್ಯವಾಗಿ 1% ಎಕ್ಸಿಟ್ ಲೋಡ್ (ಬೇಗ ಹೊರಬಂದರೆ ಫಂಡ್ ಹಿಡಿಯುವ ಶುಲ್ಕ) ಕೂಡ.

ನಿರ್ವಹಣೆ: ಎಸ್‌ಟಿಪಿಗೆ ಎರಡೂ ಫಂಡ್ ಸಾಮಾನ್ಯವಾಗಿ ಒಂದೇ ಕಂಪನಿಯದಾಗಿರಬೇಕು. ಆದ್ದರಿಂದ ಮೊದಲು ಈಕ್ವಿಟಿ ಫಂಡ್ ಆರಿಸಿ, ಆಮೇಲೆ ಲಿಕ್ವಿಡ್. ಬಹಳ ಜನ ಮಾಡುವುದು ಉಲ್ಟಾ.

ಹತ್ತು ವರ್ಷ ಮುಟ್ಟದ ಹಣ, 30% ಕುಸಿದರೂ ನಿದ್ದೆ ಬರುತ್ತದೆ ಎಂದರೆ ಒಟ್ಟಿಗೆ ಹಾಕಿ. ನಿವೃತ್ತಿಯ ಹಣ, ಇಳಿದ ಕೂಡಲೇ ಮಾರುವ ಸ್ವಭಾವ ಎಂದರೆ ತಿಂಗಳಿಗೆ 50,000ದಂತೆ 12 ಕಂತಿನ ಎಸ್‌ಟಿಪಿ. ಮೂರು ವರ್ಷದೊಳಗೆ ಮಗಳ ಮದುವೆಗೆ ಬೇಕಾದ ದುಡ್ಡಾದರೆ ಈಕ್ವಿಟಿಯೇ ಬೇಡ, ಬ್ಯಾಂಕಿನ ಎಫ್‌ಡಿ ಸಾಕು.