ಸಿಕ್ಕು ಬಿಡಿಸುವ ಬ್ರಷ್: ಇಬ್ಬರು ಹೆಣ್ಣುಮಕ್ಕಳ ತಲೆ ಬಾಚುತ್ತಾ ಕಂಡದ್ದು

ನಮ್ಮ ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಹಿರಿಯಳದು ಒತ್ತಾದ ಗುಂಗುರು ಕೂದಲು, ಬೆನ್ನಿನ ನಡುವಿನವರೆಗೆ ಇಳಿಯುತ್ತದೆ. ಕಿರಿಯಳದು ನೇರವಾದ, ತೆಳು ಎಳೆಯ ಕೂದಲು, ಈಗಷ್ಟೇ ಭುಜ ದಾಟಿದೆ. ಹಿರಿಯಳು ಒಂದನೆಯ ತರಗತಿಗೆ ಸೇರಿದ ವರ್ಷ ಜಯನಗರ 4ನೇ ಬ್ಲಾಕಿನ ಫ್ಯಾನ್ಸಿ ಅಂಗಡಿಯೊಂದರಲ್ಲಿ ಕೊಂಡ ಸಿಕ್ಕು ಬಿಡಿಸುವ ಬ್ರಷ್ಷನ್ನು ಅವಳು ಪ್ರಾಥಮಿಕ ಶಾಲೆಯ ಕೊನೆಯ ತರಗತಿಗಳಿಗೆ ಬಂದಿರುವ ಈ ಹೊತ್ತಿನವರೆಗೂ ಬಳಸುತ್ತಾ ಬಂದಿದ್ದೇನೆ. ಮೊದಲನೆಯದು ಸವೆದ ಮೇಲೆ ಅದೇ ಮಾದರಿಯ ಇನ್ನೊಂದನ್ನು ಕೊಂಡದ್ದೂ ಆಗಿದೆ. ಬಾಚಣಿಗೆಯ ಬದಲಿಗೆ ಇದೊಂದಿದ್ದರೆ ಸಾಕು ಎಂದು ಅಂಗಡಿಗಳಲ್ಲಿ ಹೇಳಿ ಮಾರುತ್ತಾರೆ. ಇಷ್ಟು ಕಾಲದ ಬಳಕೆಯಿಂದ ನಾನು ತಲುಪಿರುವ ಅಭಿಪ್ರಾಯ ಬೇರೆ. ತೊಳೆದ ಕೂದಲಿನ ಸಿಕ್ಕು ಬಿಡಿಸುವ ಒಂದು ಕೆಲಸವನ್ನು ಇದು ನಾನು ಬಳಸಿದ ಬೇರೆಲ್ಲ ಸಾಧನಗಳಿಗಿಂತ ಚೆನ್ನಾಗಿ ಮಾಡುತ್ತದೆ; ಆದರೆ ಎಣ್ಣೆ ಹಚ್ಚಿ ಜಡೆ ಹೆಣೆಯುವ ನಮ್ಮಂಥ ಮನೆಗಳಲ್ಲಿ ಅದನ್ನು ಯಾವ ಹೊತ್ತಿನಲ್ಲಿ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಗೊತ್ತುಪಡಿಸಿಕೊಳ್ಳದಿದ್ದರೆ ಕೊಟ್ಟ ಹಣ ವ್ಯರ್ಥವಾಗುತ್ತದೆ.

ಈ ಬಗೆಯ ಬ್ರಷ್ಷಿಗೆ ಉದ್ದನೆಯ ಹಿಡಿ ಇರುವುದಿಲ್ಲ, ಅಂಗೈಯಲ್ಲಿ ಹಿಡಿದೇ ಬಾಚಬೇಕು. ತಳದ ಮೇಲೆ ಉದ್ದ ಮತ್ತು ಗಿಡ್ಡ ಹಲ್ಲುಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಉದ್ದ ಹಲ್ಲು ಕೂದಲಿನ ಒಳಗೆ ಹೊಕ್ಕು ಎಳೆಗಳನ್ನು ಬೇರ್ಪಡಿಸುತ್ತದೆ, ಗಿಡ್ಡ ಹಲ್ಲು ಹೊರಪದರವನ್ನು ಸವರಿ ಒಪ್ಪವಾಗಿಸುತ್ತದೆ. ಹಲ್ಲುಗಳ ಬಾಗುವ ಗುಣವೇ ಇದರ ಜೀವಾಳ. ಗಟ್ಟಿ ಹಲ್ಲಿನ ಬಾಚಣಿಗೆ ಗಂಟಿಗೆ ತಾಗಿದಾಗ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಾ ಕೆಳಗೆ ತಳ್ಳುತ್ತದೆ, ಆ ಎಳೆತವೆಲ್ಲ ಮಗುವಿನ ನೆತ್ತಿಗೆ ಹೋಗುತ್ತದೆ. ಈ ಹಲ್ಲುಗಳಾದರೆ ಗಂಟು ಸಿಕ್ಕಿದೊಡನೆ ಬಾಗಿ ಜಾರಿಕೊಂಡು, ಮುಂದಿನ ಎಳೆತಕ್ಕೆ ಒಂದೆರಡು ಎಳೆಗಳನ್ನಷ್ಟೇ ಬಿಡಿಸುತ್ತವೆ. ಈ ವಿನ್ಯಾಸಕ್ಕೆ ಹೆಸರು ತಂದುಕೊಟ್ಟದ್ದು ಬ್ರಿಟನ್ನಿನಲ್ಲಿ ಕೂದಲಿಗೆ ಬಣ್ಣ ಹಚ್ಚುವ ವೃತ್ತಿಯಲ್ಲಿದ್ದ ಶಾನ್ ಪಲ್‌ಫ್ರೀ ರೂಪಿಸಿದ ಟ್ಯಾಂಗಲ್ ಟೀಜರ್. ಅವರು 2007ರಲ್ಲಿ ಬಿಬಿಸಿಯ ಡ್ರ್ಯಾಗನ್ಸ್ ಡೆನ್ ಕಾರ್ಯಕ್ರಮದಲ್ಲಿ ಬಂಡವಾಳ ಕೇಳಿದಾಗ ಅಲ್ಲಿದ್ದ ಹೂಡಿಕೆದಾರರೆಲ್ಲರೂ ನಿರಾಕರಿಸಿದ್ದರು. ನಾನು ಬಳಸುತ್ತಿರುವುದು ಅದೇ ಬಗೆಯ ಬೇರೊಂದು ಕಂಪನಿಯ ತಯಾರಿಕೆ, ಬೆಲೆಯೂ ಅದಕ್ಕಿಂತ ಬಹಳ ಕಡಿಮೆ.

ಹಿರಿಯಳ ತಲೆಯೇ ಈ ಬ್ರಷ್ಷಿನ ನಿಜವಾದ ಪರೀಕ್ಷೆ. ಗುಂಗುರು ಕೂದಲಿನ ಎಳೆ ತನ್ನ ತಿರುವುಗಳ ಉದ್ದಕ್ಕೂ ಪಕ್ಕದ ಎಳೆಗಳೊಡನೆ ಹೆಣೆದುಕೊಳ್ಳುತ್ತದೆ, ನೆತ್ತಿಯಲ್ಲಿ ಸ್ರವಿಸುವ ಸಹಜವಾದ ಜಿಡ್ಡು ಆ ತಿರುವುಗಳನ್ನು ದಾಟಿ ತುದಿಯವರೆಗೆ ಇಳಿಯುವುದಿಲ್ಲ. ಆದ್ದರಿಂದ ನೆತ್ತಿಯಲ್ಲಿ ಜಿಡ್ಡಿದ್ದರೂ ತುದಿ ಒಣಗಿ ಒರಟಾಗಿರುತ್ತದೆ, ಸಿಕ್ಕು ಕಟ್ಟುವುದೂ ಹೆಚ್ಚಾಗಿ ಅಲ್ಲಿಯೇ. ಇಂಥ ಕೂದಲನ್ನು ಒಣಗಿದಾಗ ಬಾಚಿದರೆ ಸುರುಳಿಗಳೆಲ್ಲ ಒಡೆದು ಹತ್ತಿ ಹಿಂಜಿದ ಹಾಗೆ ಕೆದರಿ ನಿಲ್ಲುತ್ತವೆ. ಹಾಗಾಗಿ ಅವಳ ತಲೆಗೆ ಈ ಬ್ರಷ್ ಹಾಕುವುದು ತಲೆಸ್ನಾನದ ದಿನ ಮಾತ್ರ. ಶಾಂಪೂ ತೊಳೆದ ಮೇಲೆ ಕಂಡೀಷನರ್ ಹಚ್ಚಿ, ಕೂದಲನ್ನು ನಾಲ್ಕು ಪಾಲು ಮಾಡಿ, ಒಂದೊಂದು ಪಾಲನ್ನೂ ತುದಿಯಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಬಾಚುತ್ತಾ ಹೋಗುತ್ತೇನೆ. ಗಂಟು ಸಿಕ್ಕ ಕಡೆ ಅದರ ಮೇಲ್ಭಾಗದ ಕೂದಲನ್ನು ಎಡಗೈ ಮುಷ್ಟಿಯಲ್ಲಿ ಹಿಡಿದುಕೊಂಡರೆ ಎಳೆತ ನನ್ನ ಕೈಗೆ ಬರುತ್ತದೆಯೇ ಹೊರತು ಅವಳ ನೆತ್ತಿಗೆ ಹೋಗುವುದಿಲ್ಲ. ಒದ್ದೆ ಕೂದಲು ಒಣ ಕೂದಲಿಗಿಂತ ದುರ್ಬಲ ಎಂಬುದನ್ನು ಇಲ್ಲಿ ಮರೆಯಬಾರದು. ನೀರು ಒಳಹೊಕ್ಕಾಗ ಕೂದಲಿನ ಪ್ರೋಟೀನನ್ನು ಬಿಗಿಯಾಗಿ ಹಿಡಿದಿರುವ ಜಲಜನಕದ ಬಂಧಗಳು ಸಡಿಲಗೊಳ್ಳುತ್ತವೆ, ಎಳೆ ಹೆಚ್ಚು ಹಿಗ್ಗುತ್ತದೆ, ಹಿಗ್ಗುವಿಕೆಯ ಮಿತಿ ಮೀರಿದರೆ ತುಂಡಾಗುತ್ತದೆ. ಕಂಡೀಷನರಿನ ಜಾರುವಿಕೆ ಮತ್ತು ಬಾಗುವ ಹಲ್ಲು ಎರಡೂ ಕೂಡಿದಾಗ ಮಾತ್ರ ಒದ್ದೆ ಗುಂಗುರು ಕೂದಲನ್ನು ಬಾಚುವುದು ಸುರಕ್ಷಿತ ಎಂದು ನಾನು ನಂಬಿದ್ದೇನೆ. ಮೊದಲು ತಲೆಸ್ನಾನದ ದಿನವೆಂದರೆ ಅಳುತ್ತಿದ್ದ ಮಗು ಈಗ ಮುಂದಿನ ಎರಡು ಪಾಲುಗಳನ್ನು ತಾನೇ ಬಾಚಿಕೊಳ್ಳುತ್ತಾಳೆ. ಹಿಡಿಯಿಲ್ಲದ ಈ ಆಕಾರ ದೊಡ್ಡವರಿಗಿಂತ ಮಕ್ಕಳ ಅಂಗೈಗೇ ಚೆನ್ನಾಗಿ ಹೊಂದುತ್ತದೆ. ಆದರೆ ಕಂಡೀಷನರ್ ಹಚ್ಚಿದ ಕೈಯಿಂದ ಅದು ಜಾರಿ ಬೀಳುವುದುಂಟು, ನಮ್ಮ ಬ್ರಷ್ಷಿನ ಒಂದು ಅಂಚು ಬಚ್ಚಲಿನಲ್ಲಿ ಹಾಗೆ ಬಿದ್ದೇ ಸೀಳಿತು.

ಎಣ್ಣೆಯ ವಿಷಯವನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಬ್ರಷ್ಷಿನ ಪೊಟ್ಟಣದ ಮೇಲೆ ಅದರ ಬಗ್ಗೆ ಒಂದು ಅಕ್ಷರವೂ ಇಲ್ಲ. ಪ್ರತಿದಿನ ತಲೆಗೆ ಎಣ್ಣೆ ಹಚ್ಚುವ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಮಾಡಿದಂತೆ ಕಾಣುವುದಿಲ್ಲ. ಎಣ್ಣೆ ಹಚ್ಚಿದ ಕೂದಲು ಗೊಂಚಲು ಗೊಂಚಲಾಗಿ ಅಂಟಿಕೊಂಡಿರುತ್ತದೆ. ಮೃದುವಾದ ಹಲ್ಲುಗಳು ಆ ಗೊಂಚಲನ್ನು ಸೀಳಲಾರದೆ ಮೇಲಿಂದ ಮೇಲೆ ಜಾರುತ್ತವೆ, ಮೇಲೆ ಒಪ್ಪವಾಗಿ ಕಂಡರೂ ಒಳಗಿನ ಸಿಕ್ಕು ಹಾಗೆಯೇ ಉಳಿದಿರುತ್ತದೆ. ಜೊತೆಗೆ ಎಣ್ಣೆ, ತಲೆಯ ಹೊಟ್ಟು, ರಸ್ತೆಯ ದೂಳು ಮೂರೂ ಸೇರಿ ಹಲ್ಲುಗಳ ಬುಡದಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತವೆ. ನಮ್ಮ ಮನೆಯ ಹತ್ತಿರ ಬಹಳ ಕಾಲ ಕಾಮಗಾರಿಗಾಗಿ ರಸ್ತೆ ಅಗೆದಿದ್ದರು, ಆ ದಿನಗಳಲ್ಲಿ ವಾರದೊಳಗೇ ಬ್ರಷ್ ಮುಟ್ಟಲಾಗದಷ್ಟು ಕೊಳೆಯಾಗುತ್ತಿತ್ತು.

ಎಣ್ಣೆಯನ್ನೇ ಬಿಡುವುದು ನನಗೆ ಒಪ್ಪಿಗೆಯಿಲ್ಲ. ಕೊಬ್ಬರಿ ಎಣ್ಣೆಯ ಬಗ್ಗೆ ನಮ್ಮ ಹಿರಿಯರಿಗಿದ್ದ ನಂಬಿಕೆಗೆ ಆಧಾರವಿದೆ: 2003ರಲ್ಲಿ ಪ್ರಕಟವಾದ, ಖನಿಜ ತೈಲ, ಸೂರ್ಯಕಾಂತಿ ಎಣ್ಣೆ ಮತ್ತು ಕೊಬ್ಬರಿ ಎಣ್ಣೆಗಳನ್ನು ಹೋಲಿಸಿದ ಸಂಶೋಧನೆಯೊಂದರಲ್ಲಿ ಕೂದಲಿನ ಪ್ರೋಟೀನ್ ನಷ್ಟವನ್ನು ಗಮನಾರ್ಹವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದಾಗಿಯೂ ನೇರವಾಗಿಯೂ ಇರುವುದರಿಂದ ಕೂದಲಿನ ಒಳಗೆ ಇಳಿಯಬಲ್ಲದು. ತೊಳೆಯುವುದಕ್ಕೆ ಮೊದಲು ಹಚ್ಚಿದರೂ ಈ ರಕ್ಷಣೆ ಸಿಗುತ್ತದೆ ಎಂಬುದು ಅದೇ ಸಂಶೋಧನೆಯಲ್ಲಿ ನಮಗೆ ಹೆಚ್ಚು ಉಪಯೋಗಕ್ಕೆ ಬರುವ ಅಂಶ. ಬ್ರಷ್ ಮನೆಗೆ ಬಂದ ಹೊಸತರಲ್ಲಿ ನಮ್ಮ ಅತ್ತೆಯವರು, “ಎಣ್ಣೆ ಹಚ್ಚದೆ ಬರೀ ಕೂದಲು ಬಾಚಬೇಡಮ್ಮ, ಪುಡಿಪುಡಿಯಾಗಿ ಉದುರತ್ತೆ” ಎಂದು ಆಕ್ಷೇಪಿಸಿದ್ದರು. ಒಣ ಕೂದಲಿನ ಮಟ್ಟಿಗೆ ಅವರ ಮಾತು ಪೂರ್ತಿ ಸರಿ. ಆದ್ದರಿಂದ ನಾವು ಮಾಡಿಕೊಂಡಿರುವ ಕ್ರಮ ಹೀಗಿದೆ: ಶನಿವಾರ ರಾತ್ರಿ ಸ್ವಲ್ಪ ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಬುಡದಿಂದ ತುದಿಯವರೆಗೆ ಹಚ್ಚಿ, ಅಗಲ ಹಲ್ಲಿನ ಬೇವಿನ ಮರದ ಬಾಚಣಿಗೆಯಿಂದ ಬಾಚಿ, ಸಡಿಲವಾಗಿ ಜಡೆ ಹೆಣೆದು ಬಿಡುವುದು, ಭಾನುವಾರ ತಲೆಸ್ನಾನ, ಕಂಡೀಷನರ್, ಆಗ ಬ್ರಷ್, ಉಳಿದ ದಿನಗಳಲ್ಲಿ ಶಾಲೆಗೆ ಹೊರಡುವ ಮುಂಚೆ ತುದಿಗಳಿಗೆ ಮಾತ್ರ ಎರಡು ಹನಿ ಎಣ್ಣೆ ಸವರಿ ಬಾಚಣಿಗೆಯಿಂದಲೇ ಜಡೆ. ಈ ಕ್ರಮಕ್ಕೆ ಬಂದ ಮೇಲೆ ಬ್ರಷ್ಷೂ ಸ್ವಚ್ಛವಾಗಿರುತ್ತದೆ, ಅತ್ತೆಯವರಿಗೂ ಸಮಾಧಾನವಾಗಿದೆ.

ಕಿರಿಯಳ ತಲೆಯಲ್ಲಿ ಇದರ ಉಪಯೋಗ ಅಷ್ಟಕ್ಕಷ್ಟೆ. ನೇರವಾದ ತೆಳು ಕೂದಲಿನ ಸಿಕ್ಕು ಬೆರಳಲ್ಲೇ ಬಿಡುತ್ತದೆ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಂತೂ ಪ್ಲಾಸ್ಟಿಕ್ ಹಲ್ಲು ಉಜ್ಜಿ ಕೂದಲೆಲ್ಲ ವಿದ್ಯುತ್ ಹತ್ತಿದಂತೆ ಎದ್ದು ನಿಲ್ಲುತ್ತದೆ, ಮರದ ಬಾಚಣಿಗೆಯಲ್ಲಿ ಆ ತೊಂದರೆ ಕಾಣಲಿಲ್ಲ. ಬೈತಲೆ ತೆಗೆಯುವುದಕ್ಕೆ ಬ್ರಷ್ ಯಾರ ತಲೆಯಲ್ಲೂ ಬರುವುದಿಲ್ಲ, ಅದಕ್ಕೆ ಚೂಪು ಬಾಲದ ಬಾಚಣಿಗೆಯೇ ಬೇಕು. ಶಾಲೆಯ ನಿಯಮದ ಪ್ರಕಾರ ಎರಡು ಜಡೆ ಹಾಕಿ, ಮಡಿಸಿ, ಟೇಪು ಕಟ್ಟಬೇಕು. ಸಂಜೆಯವರೆಗೆ ಕೆದರಬಾರದೆಂದು ಬಿಗಿಯಾಗಿ ಕಟ್ಟುವ ಆಸೆ ತಾಯಂದಿರಿಗೆಲ್ಲ ಇರುತ್ತದೆ. ದಿನವೂ ಒಂದೇ ಕಡೆ ಬಿಗಿದು ಕಟ್ಟಿದರೆ ಹಣೆಯಂಚಿನಲ್ಲಿಯೂ ಬೈತಲೆಯಲ್ಲಿಯೂ ಕೂದಲು ತೆಳುವಾಗುತ್ತದೆ. ಇದನ್ನು ಚರ್ಮವೈದ್ಯರು ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ, ಬಹುಕಾಲ ಮುಂದುವರಿದರೆ ಬುಡವೇ ಸತ್ತು ಕೂದಲು ಮರಳಿ ಬಾರದಿರಬಹುದು. ಜಡೆ ಹಾಕಿದ ಮೇಲೆ ಮಗು ತಲೆ ನೋಯುತ್ತದೆ ಎಂದರೆ, ಹುಬ್ಬು ಮೇಲಕ್ಕೆ ಎಳೆದಂತೆ ಕಂಡರೆ, ಹಣೆಯಂಚಿನಲ್ಲಿ ಸಣ್ಣ ಗುಳ್ಳೆಗಳೆದ್ದರೆ ಆಗಲೇ ಬಿಚ್ಚಿ ಸಡಿಲವಾಗಿ ಹಾಕಬೇಕು. ವಾರಕ್ಕೊಮ್ಮೆ ಬೈತಲೆಯ ಜಾಗ ಬದಲಿಸುವುದು, ಬರೀ ರಬ್ಬರಿನ ಬದಲು ಬಟ್ಟೆ ಸುತ್ತಿದ ಬ್ಯಾಂಡ್ ಹಾಕುವುದು ಇವೆರಡೂ ದುಡ್ಡಿನ ಖರ್ಚಿಲ್ಲದ ಅಥವಾ ತೀರಾ ಕಡಿಮೆ ಖರ್ಚಿನ ಕ್ರಮಗಳು. ಯಾವ ಬ್ರಷ್ ಕೊಂಡರೂ ಇವನ್ನು ಪಾಲಿಸದೆ ಕೂದಲು ಉಳಿಯುವುದಿಲ್ಲ.

ಬೆಂಗಳೂರಿನ ನೀರಿನ ಬಗ್ಗೆಯೂ ಒಂದು ಮಾತು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಏರಿ ಬರುವ ಕಾವೇರಿ ನೀರು ಸಿಗುವ ದಿನ ಕೂದಲು ಒಂದು ಬಗೆ, ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನ ದಿನ ಇನ್ನೊಂದು ಬಗೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂದಲಿನ ಮೇಲೆ ಕುಳಿತು ಅದನ್ನು ಒರಟಾಗಿಸುತ್ತವೆ, ಆಗ ಸಿಕ್ಕು ಹೆಚ್ಚುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರವೆಲ್ಲ ಟ್ಯಾಂಕರ್ ನಂಬಿಕೊಂಡಿದ್ದಾಗ ಈ ವ್ಯತ್ಯಾಸ ಹಿರಿಯಳ ತಲೆಯಲ್ಲಿ ಎದ್ದು ಕಾಣುತ್ತಿತ್ತು. ಕೊನೆಯ ಒಂದು ಚೊಂಬು ನೀರನ್ನಾದರೂ ಕುಡಿಯಲು ಶುದ್ಧೀಕರಿಸಿದ ನೀರಿನಿಂದ ಹಾಕಿದರೆ ಬ್ರಷ್ ಸಲೀಸಾಗಿ ಓಡುತ್ತದೆ.

ಹೇನಿನ ವಿಷಯದಲ್ಲಿ ಈ ಬ್ರಷ್ಷಿನಿಂದ ಏನೂ ಆಗುವುದಿಲ್ಲ ಎಂದು ಖಚಿತವಾಗಿ ಹೇಳಬಲ್ಲೆ. ಶಾಲೆಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಗೆ ಹೇನು ಬಾರದೆ ಇರುವುದಿಲ್ಲ, ಅದು ಕೊಳಕಿನ ಲಕ್ಷಣವೂ ಅಲ್ಲ, ತಲೆಗೆ ತಲೆ ತಾಗಿದರೆ ಸಾಕು ಹರಡುತ್ತದೆ. ನೆತ್ತಿಗೆ ಹತ್ತಿರದಲ್ಲಿ ಕೂದಲಿಗೆ ಅಂಟಿಕೊಂಡಿರುವ ಸೀರನ್ನು ಬಾಗುವ ಹಲ್ಲು ಕೀಳಲಾರದು. ಅದಕ್ಕೆ ಒತ್ತು ಹಲ್ಲಿನ ಲೋಹದ ಸೀರಣಿಗೆ ಬೇಕು. ಸೀರು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನದೊಳಗೆ ಮರಿಯಾಗುವುದರಿಂದ ಒಮ್ಮೆ ಬಾಚಿ ಬಿಟ್ಟರೆ ಸಾಲದು. ಕಂಡೀಷನರ್ ಹಚ್ಚಿದ ಒದ್ದೆ ಕೂದಲನ್ನು ಮೊದಲು ಬ್ರಷ್ಷಿನಿಂದ ಸಿಕ್ಕು ಬಿಡಿಸಿ, ಅನಂತರ ಸೀರಣಿಗೆಯಿಂದ ಬುಡದಿಂದ ತುದಿಯವರೆಗೆ ಎಳೆಯುವುದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಎರಡು ವಾರ ಮಾಡಬೇಕು. ಗುಂಗುರು ಕೂದಲಿನಲ್ಲಿ ಸೀರಣಿಗೆ ಓಡುವಂತೆ ಮಾಡಿಕೊಡುವುದಷ್ಟೇ ಇಲ್ಲಿ ಬ್ರಷ್ಷಿನ ಸಹಾಯ. ಇಬ್ಬರಿಗೂ ಬೇರೆ ಬೇರೆ ಬಣ್ಣದ ಬ್ರಷ್ ಇಟ್ಟಿರುವುದೂ ಇದೇ ಕಾರಣಕ್ಕೆ.

ಹಬ್ಬದ ದಿನಗಳ ಮಾತು ಬೇರೆ. ಸಂಕ್ರಾಂತಿಯಲ್ಲಿ ಎಳ್ಳು ಬೀರಲು ಹೊರಡುವಾಗಲೂ ನವರಾತ್ರಿಯ ಗೊಂಬೆ ಆರತಿಗೂ ಮಕ್ಕಳಿಗೆ ಮೊಗ್ಗಿನ ಜಡೆ ಹಾಕಬೇಕೆಂಬುದು ನಮ್ಮ ಮನೆಯ ಆಸೆ. ಮಲ್ಲಿಗೆ ಮೊಗ್ಗನ್ನು ಪೋಣಿಸಿ ಸಿದ್ಧಪಡಿಸಿದ ಜಡೆಯನ್ನು ಗಾಂಧಿ ಬಜಾರಿನ ಹೂವಿನವರಲ್ಲಿ ಮುಂಚೆಯೇ ಹೇಳಿ ಮಾಡಿಸಿದರೆ ಬೆಳಿಗ್ಗೆ ತಾಜಾ ಸಿಗುತ್ತದೆ. ಅದು ನಿಲ್ಲಬೇಕಾದರೆ ಒಳಗಿನ ಜಡೆ ಬುಡದಿಂದಲೇ ಗಟ್ಟಿಯಾಗಿ, ನುಣುಪಾಗಿ ಇರಬೇಕು. ಕಿರಿಯಳ ಗಿಡ್ಡ ಕೂದಲಿಗೆ ಚೌರಿ ಸೇರಿಸಿ, ತುದಿಗೆ ಕುಚ್ಚು ಕಟ್ಟಬೇಕು. ಅಲ್ಲಿ ಎಣ್ಣೆ, ಬಾಚಣಿಗೆ, ಹೆಣೆಯುವವರ ಕೈ ಇವುಗಳದೇ ಕೆಲಸ. ಆದರೆ ಮಾರನೆಯ ದಿನ ಹೂವೆಲ್ಲ ಬಿಚ್ಚಿ, ಹೇರ್‌ಪಿನ್ ತೆಗೆದು, ದಾರದ ತುಂಡುಗಳು ಸಿಕ್ಕಿಕೊಂಡ ಕೂದಲನ್ನು ಬಿಡಿಸುವಾಗ ಈ ಬ್ರಷ್ ಇಲ್ಲದಿದ್ದರೆ ನನಗೆ ಕೈ ಆಡುವುದಿಲ್ಲ.

ಬಾಳಿಕೆಯ ಬಗ್ಗೆ ನನಗೆ ಪೂರ್ತಿ ತೃಪ್ತಿಯಿಲ್ಲ. ಕಿಟಕಿಯ ಬಿಸಿಲಿನಲ್ಲಿ ಇಟ್ಟರೂ ಬಿಸಿ ನೀರಿನಲ್ಲಿ ನೆನೆಸಿದರೂ ಹಲ್ಲುಗಳು ಒಂದು ಕಡೆಗೆ ವಾಲುತ್ತವೆ, ವಾಲಿದ ಮೇಲೆ ಮತ್ತೆ ನೇರವಾಗುವುದಿಲ್ಲ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಶಾಂಪೂ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬುಡ ಉಜ್ಜಿ, ಹಲ್ಲುಗಳನ್ನು ಕೆಳಮುಖವಾಗಿಸಿ ನೆರಳಿನಲ್ಲಿ ಒಣಗಿಸುವುದು ಒಳ್ಳೆಯದು. ಹೊರಸಾಲಿನ ಹಲ್ಲುಗಳು ಬಾಗಿ ಹಾಗೆಯೇ ನಿಂತುಬಿಟ್ಟರೆ ಬ್ರಷ್ಷಿನ ಆಯುಸ್ಸು ಮುಗಿಯಿತೆಂದೇ ಲೆಕ್ಕ. ಹೊಸದಕ್ಕೆ ನಾನು ರೂ. 300ಕ್ಕಿಂತ ಹೆಚ್ಚು ಕೊಡಲಾರೆ. ಗುಂಗುರು ಅಥವಾ ದಟ್ಟವಾದ ಉದ್ದ ಕೂದಲಿನ ಮಗಳಿರುವವರು ಖಂಡಿತ ಕೊಳ್ಳಲಿ. ತೆಳುವಾದ ನೇರ ಕೂದಲಿನ ಮಗುವಿಗೆ ಅದೇ ಹಣದಲ್ಲಿ ಒಂದು ಮರದ ಬಾಚಣಿಗೆಯೂ ಒಂದು ಲೋಹದ ಸೀರಣಿಗೆಯೂ ಬರುತ್ತವೆ, ಕಿರಿಯಳ ಮಟ್ಟಿಗೆ ಮುಂದಿನ ಸಲ ನಾನು ಕೊಳ್ಳುವುದು ಅವನ್ನೇ.