ವಾಲ್-ಈ ಕಟ್ಟುವವರಿಗೆ ಎಂಜಿ90ಎಸ್ ಸರ್ವೊ ಹೇಗೆ? ಬಳ್ಳಾರಿ ಬಿಸಿಲಲ್ಲಿ ಬಳಸಿ ಬರೆದದ್ದು

ವಾಲ್-ಈ ರೋಬೊಟ್ ಕಟ್ಟಲು ಹೊರಟವರು ಮೊದಲು ದುಡ್ಡು ಹಾಕಬೇಕಾದದ್ದು ಅದರ ಕಣ್ಣಿಗೆ. ಮೈ ಅಂದರೆ ಒಂದು ಚೌಕ ಡಬ್ಬ, ಕೆಳಗೆ ಚಕ್ರದ ಬದಲು ಉರುಳುವ ಎರಡು ಪಟ್ಟಿ. ಅದನ್ನು ಹೇಗಾದರೂ ಮಾಡಬಹುದು. ಆದರೆ 2008ರ ಆ ಪಿಕ್ಸಾರ್ ಸಿನಿಮಾದಲ್ಲಿ ವಾಲ್-ಈ ಮಾತಾಡುವುದೇ ಕಡಿಮೆ ಅಲ್ವಾ? ಖುಷಿ, ಹೆದರಿಕೆ, ನಾಚಿಕೆ ಎಲ್ಲ ಆ ಎರಡು ಕಣ್ಣುಗಳು ಮೇಲೆ ಕೆಳಗೆ ವಾಲುವುದರಲ್ಲೇ ಗೊತ್ತಾಗುತ್ತದೆ. ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್‌ಗೆ ಆ ಮುಖ ಹೊಳೆದದ್ದೇ ಬೇಸ್‌ಬಾಲ್ ಪಂದ್ಯದಲ್ಲಿ ಬೈನಾಕ್ಯುಲರ್ ಹಿಡಿದು ಕೂತಿದ್ದಾಗ. ಕಣ್ಣು ಸರಿಯಾಗಿ ಆಡಲಿಲ್ಲ ಅಂದರೆ ಉಳಿದದ್ದು ಎಷ್ಟೇ ಚೆಂದ ಇರಲಿ, ವಾಲ್-ಈ ಆಗುವುದಿಲ್ಲ.

ನನ್ನ ರೋಬೊಟ್‌ನಲ್ಲಿ ಏಳು ಸರ್ವೊ, ಅಂದರೆ ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟರು, ಇವೆ. ಕಣ್ಣಿಗೆ ಎರಡು, ಕತ್ತಿಗೆ ಎರಡು, ತಲೆ ತಿರುಗಲು ಒಂದು, ಕೈಗೆ ಎರಡು. ಎಲ್ಲವೂ ಲೋಹದ ಹಲ್ಲುಚಕ್ರದ ಎಂಜಿ90ಎಸ್. ಒಂದಕ್ಕೆ 200 ರೂಪಾಯಿ ಆಸುಪಾಸು. ಇದಕ್ಕಿಂತ ಅಗ್ಗದ ಎಸ್‌ಜಿ90 ಕೂಡ ಇದೆ, ಅಳತೆ ಹೆಚ್ಚುಕಡಿಮೆ ಅಷ್ಟೇ, ಆದರೆ ಒಳಗಿನ ಹಲ್ಲುಚಕ್ರ ಪ್ಲಾಸ್ಟಿಕ್. ಕಣ್ಣಿಗೆ ಅದು ಬೇಡವೇ ಬೇಡ. ಮಕ್ಕಳು ನೋಡಲು ಬಂದರೆ ಮೊದಲು ಕೈ ಹಾಕಿ ತಿರುಗಿಸುವುದು ಕಣ್ಣನ್ನೇ, ಪ್ಲಾಸ್ಟಿಕ್ ಹಲ್ಲು ಅಲ್ಲೇ ಮುರಿಯುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ತರಿಸಿದ ಪೊಟ್ಟಣದಲ್ಲಿ, ಮೇಲೆ ಎಂಜಿ90ಎಸ್ ಸ್ಟಿಕ್ಕರ್ ಇದ್ದರೂ ಒಂದರ ಒಳಗೆ ಪ್ಲಾಸ್ಟಿಕ್ ಚಕ್ರವೇ ಇತ್ತು. ಕಂಡುಹಿಡಿಯುವುದು ಸುಲಭ, ತೂಕ ಹಾಕಿ. ಅಸಲಿ ಎಂಜಿ90ಎಸ್ 13 ಗ್ರಾಂ ಚಿಲ್ಲರೆ ತೂಗುತ್ತದೆ, ಎಸ್‌ಜಿ90 ಬರೀ 9 ಗ್ರಾಂ. ಮನೆಯಲ್ಲಿ ಸಣ್ಣ ತಕ್ಕಡಿ ಇಲ್ಲದಿದ್ದರೆ ಪರಿಚಯದ ಚಿನ್ನದಂಗಡಿಯಲ್ಲಿ ತೂಗಿಸಿಕೊಳ್ಳಿ, ಬೇಡ ಅನ್ನುವುದಿಲ್ಲ.

ಕೆಲಸ ಹೇಗೆ ಮಾಡುತ್ತದೆ ಅಂದರೆ, ಕಣ್ಣಿಗೆ ತುಂಬಾ ಚೆನ್ನಾಗಿ. ಆದರೆ ಸುಮ್ನೆ ಇಂಥ ಕೋನಕ್ಕೆ ಹೋಗು ಅಂತ ಕೋಡ್ ಬರೆದರೆ ಕಣ್ಣು ಟಕ್ ಅಂತ ಹಾರಿ ನಿಲ್ಲುತ್ತದೆ, ಭಾವನೆಯೇ ಇರುವುದಿಲ್ಲ. ಸರ್ವೊಗೆ ಪ್ರತಿ 20 ಮಿಲಿಸೆಕೆಂಡಿಗೆ ಒಂದು ಸೂಚನೆ ಹೋಗುತ್ತದೆ. ಆ ಒಂದೊಂದು ಸೂಚನೆಗೂ ಸ್ವಲ್ಪ ಸ್ವಲ್ಪವೇ ಕೋನ ಬದಲಿಸಿ, ಶುರುವಿನಲ್ಲಿ ನಿಧಾನ, ನಡುವೆ ಜೋರು, ಕೊನೆಗೆ ಮತ್ತೆ ನಿಧಾನ ಮಾಡಿದರೆ ಒಂದು ಕಣ್ಣು ತುಸು ಎತ್ತಿ ಇನ್ನೊಂದು ಇಳಿಸಿ ಅದು ನಿಮ್ಮನ್ನೇ ನೋಡುತ್ತದೆ! ಆ ಹೊತ್ತಿಗೆ ಇಷ್ಟು ದಿನ ಬೆಸುಗೆ ಹಾಕಿದ್ದೆಲ್ಲ ಸಾರ್ಥಕ ಅನಿಸುತ್ತದೆ.

ಕಣ್ಣು ನಡುಗಿದರೆ ಮೋಟರನ್ನು ಬೈಯಬೇಡಿ, ಮೊದಲು ಕರೆಂಟ್ ನೋಡಿ. ಯಾವುದಾದರೂ ಸರ್ವೊ ಸಿಕ್ಕಿಹಾಕಿಕೊಂಡು ತಿಣುಕುವಾಗ ಅದೊಂದೇ ಅರ್ಧ ಆಂಪಿಯರ್‌ಗಿಂತ ಜಾಸ್ತಿ ಎಳೆಯುತ್ತದೆ. ಏಳು ಸರ್ವೊಗಳನ್ನು ಕೋಡ್ ನಡೆಸುವ ಆರ್ಡುಯಿನೊ ಬೋರ್ಡಿನ 5 ವೋಲ್ಟ್ ಪಿನ್ನಿಗೆ ಜೋಡಿಸಿದರೆ ಬೋರ್ಡ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ. ಹಲವು ಸರ್ವೊಗಳನ್ನು ಒಟ್ಟಿಗೆ ನಡೆಸುವ ಪಿಸಿಎ9685 ಬೋರ್ಡ್ ಹಾಕಿ, ಅದರಲ್ಲಿ ಸರ್ವೊಗಳ ಕರೆಂಟಿಗೆ ಬೇರೆಯೇ ಟರ್ಮಿನಲ್ ಇದೆ. ಅಲ್ಲಿಗೆ ಬ್ಯಾಟರಿಯಿಂದ ಇಳಿಸಿದ 5 ವೋಲ್ಟ್ ಪ್ರತ್ಯೇಕವಾಗಿ ಕೊಡಿ, ಗ್ರೌಂಡ್ (ಮೈನಸ್) ವೈರು ಮಾತ್ರ ಎಲ್ಲಕ್ಕೂ ಒಂದೇ ಇರಲಿ.

ಈಗ ನಮ್ಮ ಊರಿನ ವಿಷಯ, ಬಿಸಿಲು. ಬಳ್ಳಾರಿ, ರಾಯಚೂರು ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. 3ಡಿ ಪ್ರಿಂಟರಿನಲ್ಲಿ ಭಾಗಗಳನ್ನು ಮುದ್ರಿಸಲು ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ತಲೆಯ ಭಾರ ಹಿಡಿದು ನಿಂತ ಸರ್ವೊ ತಾನೇ ಬಿಸಿಯಾಗುತ್ತದೆ, ಅದರ ಜೊತೆ ಮೇಲಿನ ಮಹಡಿ ಕೋಣೆಯ ಕಾವೂ ಸೇರಿದರೆ ಸ್ಕ್ರೂ ಕೂತ ತೂತು ಸಡಿಲ ಆಗುತ್ತದೆ, ಕಣ್ಣು ಓರೆಯಾಗುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಂತೂ ಇಡಲೇಬೇಡಿ. ಸರ್ವೊ ಕೂರುವ ಭಾಗಗಳನ್ನು ಪಿಇಟಿಜಿ ಅನ್ನುವ ಇನ್ನೊಂದು ಪ್ಲಾಸ್ಟಿಕ್ಕಿನಲ್ಲೇ ಮುದ್ರಿಸಿ, ಅದು 80 ಡಿಗ್ರಿ ಹತ್ತಿರದವರೆಗೂ ತಡೆಯುತ್ತದೆ. ಹೊರಗಿನ ಕವಚ ಪಿಎಲ್‌ಎ ಆದರೂ ಮನೆಯೊಳಗೆ ನಡೆಯುತ್ತದೆ. (ಕವಚದ ಹಳದಿಗೆ ತುಕ್ಕು, ಮಣ್ಣಿನ ಬಣ್ಣ ಹಚ್ಚುವಾಗ ಸಂಡೂರು ಕಡೆಯ ಅದಿರು ಲಾರಿಗಳನ್ನು ನೋಡಿ. ಧೂಳು ಯಾವ ಸಂದಿಯಲ್ಲಿ ಕೂರುತ್ತದೆ, ಎಲ್ಲಿ ಕೆರೆದುಹೋಗುತ್ತದೆ ಎಲ್ಲ ಅಲ್ಲೇ ಇದೆ.)

ಎಂಜಿ90ಎಸ್ ಸೋಲುವುದು ಕತ್ತಿನಲ್ಲಿ. 6 ವೋಲ್ಟ್ ಕೊಟ್ಟಾಗ ಬಲ 2.2 ಕೆಜಿ-ಸೆಂಮೀ ಅನ್ನುತ್ತಾರೆ, ಅಂದರೆ 5 ಸೆಂಮೀ ದೂರದಲ್ಲಿ ಹೆಚ್ಚೆಂದರೆ 440 ಗ್ರಾಂ, ಅದೂ ಉಸಿರು ಬಿಗಿಹಿಡಿದು. ತಲೆಗೆ ಕ್ಯಾಮೆರಾ, ಗಾಜು ಎಲ್ಲ ಸೇರಿಸಿದರೆ ಕೆಳಗಿನ ಕೀಲು ಜೋಲುತ್ತದೆ. ಅಲ್ಲಿಗೆ ದೊಡ್ಡ ಎಂಜಿ996ಆರ್ ಹಾಕುವುದೇ ಸರಿ, ಅದರ ಅಳತೆಗೆ ಮುದ್ರಿಸುವ 3ಡಿ ಫೈಲ್ ತಿದ್ದಬೇಕು ಅಷ್ಟೇ. ಕಣ್ಣು, ಕೈಗೆ ಮಾತ್ರ ಎಂಜಿ90ಎಸ್ ಕಣ್ಣುಮುಚ್ಚಿ ತಗೊಳ್ಳಿ. ತರಿಸುವಾಗ ಬೇಕಾದ್ದಕ್ಕಿಂತ ಒಂದೆರಡು ಜಾಸ್ತಿಯೇ ತರಿಸಿ, ವೈರು, ಸ್ವಿಚ್ಚು ಸಿಕ್ಕಷ್ಟು ಸುಲಭವಾಗಿ ಇದು ಇಲ್ಲಿನ ಅಂಗಡಿಗಳಲ್ಲಿ ಸಿಗುವುದಿಲ್ಲ.