ಮೋಶಿಯ ತಗಡಿನ ಶೆಡ್ಡಿನಲ್ಲಿ ಮೂರು ಮಳೆಗಾಲ ಕಂಡ ಟೇಬಲ್ ಸಾ

ಈ 10 ಇಂಚಿನ ಟೇಬಲ್ ಸಾ, ಅಂದರೆ ಮೇಜಿನ ನಡುವಿಂದ ದುಂಡು ಬ್ಲೇಡ್ ಎದ್ದು ನಿಲ್ಲುವ ಕರೆಂಟಿನ ಗರಗಸ, ನನ್ನ ಹತ್ತಿರ ಬಂದು ಮೂರು ಮಳೆಗಾಲ ಆಯಿತು. ತಂದ ವಾರವೇ ಬರೆದಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಈಗ ಮೂರೂವರೆ. ಒಂದು ಸ್ಟಾರ್ ಫೆನ್ಸ್ (ಮರ ಒತ್ತಿಕೊಂಡು ನೇರ ಸಾಗುವ ಪಕ್ಕದ ಆಸರೆ) ತಿಂದಿತು, ಅರ್ಧ ಸ್ಟಾರ್ ಸ್ವಿಚ್.

ನಾನು ಬಡಗಿಯಲ್ಲ. ಪುಣೆ ಹತ್ತಿರದ ಭೋಸರಿಯಲ್ಲಿ ಕಾರ್ಖಾನೆ ಕೆಲಸ, ವಾರದ ರಜೆ ಗುರುವಾರ. ಆ ದಿನ ಮೋಶಿಯ ಬಾಡಿಗೆ ಶೆಡ್ಡಿನಲ್ಲಿ ಕಪಾಟು, ಸ್ಟೂಲು ಅಂತ ಏನಾದರೂ ಮಾಡುತ್ತಿರುತ್ತೇನೆ. ಪಕ್ಕದ ಶೆಡ್ಡಿನಲ್ಲಿ ವಿಜಯಪುರದ ಕಡೆಯ ಬಡಿಗ ಕಾಕಾ ಇದ್ದಾರೆ. ಮಶೀನ್ ಬಂದ ದಿನ ಅವರು ಮೋಟಾರ್ ನೋಡಲಿಲ್ಲ, ಬ್ಲೇಡ್ ನೋಡಲಿಲ್ಲ. ಬ್ಲೇಡಿನ ಹಿಂದೆ ನಿಂತಿರುವ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಬೆರಳಿನಿಂದ ತಟ್ಟಿ, "ಇದನ್ನ ತಗದಿಡಬ್ಯಾಡ್ರಿ ಸರ" ಅಂದರು. ರೈವಿಂಗ್ ನೈಫ್ ಅಂದರೆ ಅದೇ.

ಎಂಟು ತಿಂಗಳಿಗೆ ನಾನು ತೆಗೆದಿಟ್ಟೆ.

ಡ್ರಾಯರಿನ ತಳ ಕೂರಿಸಲು ಹಲಗೆಯ ಅರ್ಧ ದಪ್ಪಕ್ಕೆ ಒಂದು ತೋಡು ಬೇಕಿತ್ತು. ಈ ಮಶೀನಿನಲ್ಲಿ ಆ ಪಟ್ಟಿ ಬ್ಲೇಡಿಗಿಂತ ಎತ್ತರ, ಹಾಗಾಗಿ ಇಂಥ ಕೆಲಸಕ್ಕೆ ಅಡ್ಡ ಬರುತ್ತದೆ. ತೋಡು ಮುಗಿಯಿತು, ಪಟ್ಟಿ ವಾಪಸ್ ಹಾಕುವುದು ಮರೆತುಹೋಯಿತು. ಆಮೇಲೆ 12 ಎಂ.ಎಂ. ಪ್ಲೈನಿಂದ ಎರಡಿಂಚಿನ ಪಟ್ಟಿ ಸೀಳುತ್ತಿದ್ದೆ. ಮುಕ್ಕಾಲು ಭಾಗ ಹೋಗಿರಬೇಕು, ಮೋಟಾರಿನ ಸದ್ದು ದಪ್ಪಗಾಯಿತು, ಸುಟ್ಟ ವಾಸನೆ ಬಂತು, ನೋಡಿದರೆ ಪ್ಲೈ ಟೇಬಲ್ ಮೇಲೆ ಇಲ್ಲ. ನನ್ನ ಬೆನ್ನ ಹಿಂದಿನ ತಗಡಿಗೆ ಢಣ್ ಅಂತ ಬಡಿದು ಬಿದ್ದಿತ್ತು. ಬ್ಲೇಡಿನ ನೇರಕ್ಕೆ ನಿಲ್ಲದೆ ಎಡಕ್ಕೆ ನಿಂತಿದ್ದೆ, ಹೊಟ್ಟೆ ಉಳಿಯಿತು. ಕೈಯಲ್ಲಿ ಮರ ತಳ್ಳುವ ಕೋಲು, ಪುಶ್ ಸ್ಟಿಕ್, ಇತ್ತು, ಬೆರಳು ಉಳಿದವು. ಎತ್ತಿ ನೋಡಿದರೆ ಪ್ಲೈನ ಅಡಿಯಲ್ಲಿ ಬಿಲ್ಲಿನ ಹಾಗೆ ಬಾಗಿದ ಗೀರುಗಳು. ತಗಡಿನ ತಗ್ಗು ಈಗಲೂ ಇದೆ.

ಆಗುವುದು ಇಷ್ಟೇ. ಬ್ಲೇಡಿನ ಮುಂದಿನ ಹಲ್ಲು ಮರವನ್ನು ಟೇಬಲ್‌ಗೆ ಒತ್ತುತ್ತದೆ, ಹಿಂದಿನ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ. ಮರ ಹಿಂದಿನ ಹಲ್ಲಿಗೆ ತಾಗಿತೋ, ಎತ್ತಿ ನಮ್ಮ ಕಡೆಗೇ ಎಸೆಯುತ್ತದೆ. ತಾಗದ ಹಾಗೆ ತಡೆಯುವುದು ಆ ಪಟ್ಟಿಯ ಕೆಲಸ. ತಪ್ಪು ನನ್ನದೇ, ಆದರೆ ಪೂರ್ತಿ ನನ್ನದಲ್ಲ. ಸಂಜೆ ಟೇಬಲ್ಲಿನ ಮೈಟರ್ ಸ್ಲಾಟಿನಿಂದ (ಬ್ಲೇಡಿನ ಪಕ್ಕದಲ್ಲಿ ಅದರ ನೇರಕ್ಕೇ ಓಡುವ ಉದ್ದ ಸಂದು) ಫೆನ್ಸಿಗೆ ಸ್ಕೇಲ್ ಇಟ್ಟು ಅಳೆದೆ. ಮುಂದಿಗಿಂತ ಹಿಂದೆ ಒಂದೂವರೆ ಎಂ.ಎಂ. ಬ್ಲೇಡಿನ ಕಡೆಗೆ ಜರುಗಿತ್ತು. ಅಂದರೆ ಫೆನ್ಸೇ ಮರವನ್ನು ಬ್ಲೇಡಿಗೆ ಒತ್ತುತ್ತಿತ್ತು. ಬೋಲ್ಟ್ ಸಡಿಲಿಸಿ ಸರಿಮಾಡಿದೆ. ಎರಡು ಮೂರು ತಿಂಗಳಿಗೆ ಮತ್ತೆ ಅದೇ ಕಥೆ. ಈಗ ಪ್ರತಿ ಸಲ ಎರಡೂ ತುದಿ ಅಳೆದ ಮೇಲೆಯೇ ಸ್ವಿಚ್ ಒತ್ತುತ್ತೇನೆ. ಈ ಬೆಲೆಗೆ ಇದು ಜಾಸ್ತಿ ಕಿರಿಕಿರಿ.

ಉದ್ದಕ್ಕೆ ಸೀಳಲು ಫೆನ್ಸ್, ಅಡ್ಡಕ್ಕೆ ಕತ್ತರಿಸಲು ಆ ಸ್ಲಾಟಿನಲ್ಲಿ ಜಾರುವ ಮೈಟರ್ ಗೇಜ್. ಅಡ್ಡ ಕಟ್ ಮಾಡುವಾಗ ಎರಡನ್ನೂ ಸೇರಿಸಬೇಡಿ, ತುಂಡಾದ ಮರ ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಬಂದ ಗೇಜ್ ಹಳೇ ಬಾಗಿಲ ಚಿಲಕದ ಹಾಗೆ ಅಲ್ಲಾಡುತ್ತಿತ್ತು. ಅದನ್ನು ಬಿಟ್ಟು ಪ್ಲೈನಲ್ಲಿ ನಾನೇ ಒಂದು ಸ್ಲೆಡ್, ಅಂದರೆ ಮರ ಇಟ್ಟು ತಳ್ಳುವ ಜಾರುಹಲಗೆ, ಮಾಡಿಕೊಂಡೆ, ಅಡಿಗೆ ಸಾಗುವಾನಿ ಪಟ್ಟಿ ಬಡಿದು. ಜುಲೈ ಮಳೆಗೆ ಪಟ್ಟಿ ಉಬ್ಬಿ ಸ್ಲಾಟಿನಲ್ಲೇ ಕಚ್ಚಿಕೊಂಡಿತು. ಈಗ ಅಲ್ಯೂಮಿನಿಯಂ ಪಟ್ಟಿ. ಟೇಬಲ್ಲೂ ಅಲ್ಯೂಮಿನಿಯಮ್ಮೇ, ತುಕ್ಕಿನ ಚಿಂತೆ ಇಲ್ಲ. ಇದಕ್ಕೆ ಪೂರ್ತಿ ಮಾರ್ಕ್ಸ್.

ಜೊತೆಗೆ ಬಂದ 24 ಹಲ್ಲಿನ ಬ್ಲೇಡ್ ಸೀಳಲು ಚೆನ್ನಾಗಿದೆ, ಪ್ಲೈನ ಅಂಚನ್ನು ಮಾತ್ರ ಇಲಿ ಕಡಿದ ಹಾಗೆ ಮಾಡುತ್ತದೆ. ಪ್ಲೈಗೆ ಅಂತ 60 ಹಲ್ಲಿನದು ಬೇರೆ ತಂದೆ. ಬದಲಿಸುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗೇ ಕಿತ್ತಿಡಿ. ಬ್ಲೇಡ್ ಎತ್ತರ ಮರದ ಮೇಲೆ ಒಂದು ಹಲ್ಲು ಕಾಣುವಷ್ಟು ಸಾಕು. ಕೈಗವಸು ಬೇಡವೇ ಬೇಡ, ಹಲ್ಲಿಗೆ ಬಟ್ಟೆ ಸಿಕ್ಕರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಎಂಟು ಅಡಿಯ ಪೂರ್ತಿ ಶೀಟನ್ನು ಇದರ ಮೇಲೆ ಹೊರಿಸುವ ಸಾಹಸವೂ ಬೇಡ. ನಾನು ಟಿಂಬರ್ ಮಾರ್ಕೆಟ್‌ನಲ್ಲೇ ತುಂಡು ಮಾಡಿಸಿ ತರುತ್ತೇನೆ.

ಸ್ವಿಚ್ಚಿನ ವಿಷಯ. ನನ್ನ ರಜೆ ಗುರುವಾರ, ಪುಣೆಯಲ್ಲಿ ಲೈನ್ ರಿಪೇರಿಗೆ ಕರೆಂಟ್ ತೆಗೆಯುವುದೂ ಗುರುವಾರವೇ. ಒಮ್ಮೆ ಕಟ್ ನಡುವೆ ಕರೆಂಟ್ ಹೋಯಿತು. ಸುಮ್ನೆ ಕಾಕಾ ಹತ್ತಿರ ಚಹಾ ಕುಡಿಯಲು ಹೋದೆ. ಗ್ಲಾಸು ಬಾಯಿಗೆ ಇಡುವಷ್ಟರಲ್ಲಿ ಯಾರೂ ಇಲ್ಲದ ಶೆಡ್ಡಿನಲ್ಲಿ ಮಶೀನ್ ತಾನಾಗೇ ಕೂಗತೊಡಗಿತು. "ನಿಮ್ಮ ಗರಗಸಕ್ಕ ಗಾಳಿ ಹೊಕ್ಕೈತೇನ್ರಿ?" ಅಂದರು ಕಾಕಾ. ನಗು ಬರಲಿಲ್ಲ. ಮಾರನೇ ವಾರ ಎಲೆಕ್ಟ್ರಿಷಿಯನ್ ಕರೆಸಿ, ಕರೆಂಟ್ ಹೋದರೆ ತಾನೇ ಬಿದ್ದು, ನಾವು ಒತ್ತುವವರೆಗೆ ಏಳದ ಸ್ವಿಚ್ ಹಾಕಿಸಿದೆ. ಕೊಳ್ಳುವಾಗಲೇ ಇದನ್ನು ಕೇಳಿ.

ಸದ್ದು ಜಾಸ್ತಿ, ಕಿವಿಗೆ ಇಯರ್ ಮಫ್ ಬೇಕೇ ಬೇಕು. ನನ್ನ ಶೆಡ್ಡಿನ ಓನರ್ ಮಧ್ಯಾಹ್ನದ ನಿದ್ದೆಗೆ ಹೆಸರಾದ ಹಳೇ ಪುಣೆಯ ಸದಾಶಿವ ಪೇಠೆಯಿಂದ ಬಂದವರು, ಹಾಗಾಗಿ ಮಧ್ಯಾಹ್ನ 1ರಿಂದ 4ರವರೆಗೆ ಮಶೀನಿಗೂ ನಿದ್ದೆ. ಪುಣೆ ಅಲ್ವಾ.